ಐದು ಗಂಟೆಯ ಗಡುವು

ಲಿಫ್ಟು ಐದನೇ ಮಹಡಿಯ ಹತ್ತಿರ ಗಕ್ಕನೆ ನಿಂತಾಗ ಮ್ಯಾನೇಜರರ ಎದೆ ಧಸಕ್ಕೆಂದಿತು. ಕಂಟ್ರಾಕ್ಟರ್ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿ, ಇನ್ನೂ ಮುಗಿಯದ ಆ ಕಟ್ಟಡದಿಂದ ಜಾರಿಕೊಳ್ಳಲು ಹೊರಟಿದ್ದರು. ಈಗ ಬೋನಿಗೆ ಬಿದ್ದ ಇಲಿಯ ಪಾಡು. ಮೂಲೆಯಲ್ಲಿ ಕ್ಯಾಮೆರಾದ ಕೆಂಪು ದೀಪ ಮಿಣುಕುತ್ತಿತ್ತು.

"ಇದು ಆಗಾಗ ಹೀಗೇ ಮಾಡುತ್ತೆ ಸಾರ್," ಎಂದಳು ಸ್ಟೂಲಿನ ಮೇಲಿದ್ದ ಲಿಫ್ಟಿನ ಹೆಂಗಸು. ಅವಳು ಕೆಲಸಕ್ಕೆ ಸೇರಿ ಎರಡೇ ದಿನವಾಗಿತ್ತು.

ಫ್ಯಾನು ನಿಂತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಗೋಡೆಗಳು ಒತ್ತಿಕೊಂಡು ಬಂದಂತಾಗಿ ಮ್ಯಾನೇಜರರಿಗೆ ಉಸಿರು ಕಟ್ಟಿತು, ಅಂಗಿ ಬೆನ್ನಿಗಂಟಿತು. ಅವಳಿಗೆ ಪಾಪ ಅನ್ನಿಸಿತೋ ಏನೋ, ಚೀಲದಿಂದ ಉದ್ದನೆಯ ಲಕೋಟೆಯೊಂದನ್ನು ತೆಗೆದು ಕೈಗಿತ್ತಳು.

"ತಗೊಳ್ಳಿ ಸಾರ್, ಗಾಳಿ ಬೀಸ್ಕೊಳ್ಳಿ."

ಬೀಸಿಕೊಳ್ಳುತ್ತ ಗಡಿಯಾರ ನೋಡಿದರು. ನಾಲ್ಕೂ ಇಪ್ಪತ್ತು. ಆಮೇಲೆ ಕಣ್ಣು ಅದರಿಂದ ಕದಲಲೇ ಇಲ್ಲ.

"ಈ ಕಟ್ಟಡ ಯಾಕೆ ಸಾರ್ ಇಷ್ಟು ತಡ?"

ಭಯಕ್ಕೆ ಬಾಯಿ ಸಡಿಲವಾಯಿತು. "ತಡ ಅಂದ್ರೆ ಒಂದೇ ಥರ ಅಲ್ಲಮ್ಮ. ಮಳೆಗೆ ಕೆಲಸ ನಿಂತ್ರೆ ಯಾರ ತಪ್ಪೂ ಅಲ್ಲ. ಆಳು ಬರದೆ ನಿಂತ್ರೆ ಕಂಟ್ರಾಕ್ಟರ್ ತಪ್ಪು. ನಕ್ಷೆ ಕೊಡೋದು ತಡ ಆದ್ರೆ ನಮ್ಮದು."

"ಇಲ್ಲಿ ಯಾವುದು?"

"ನಮ್ಮದೇ. ನಕ್ಷೆ ನಲವತ್ತು ದಿನ ನನ್ನ ಮೇಜಿನ ಮೇಲೆ ನಿದ್ದೆ ಹೊಡೀತಿತ್ತು. ಮಾಲೀಕರಿಗೆ ಗೊತ್ತಾದ್ರೆ ನನ್ನ ಕೆಲಸ ಹೋದ ಹಾಗೇ. ಆದ್ರೆ ಕರಾರಿದೆ ನೋಡು. ಕಂಟ್ರಾಕ್ಟರ್ ಕಡೆಯವರು ಇವತ್ತು ಐದರೊಳಗೆ ದೂರಿನ ಪತ್ರ ನನ್ನ ಕೈಗೇ ಕೊಡಬೇಕು. ಕೊಡದಿದ್ರೆ ತಡವೆಲ್ಲ ಅವನ ತಲೆಗೆ. ನಾಲ್ಕು ದಿನದಿಂದ ಕೈಗೆ ಸಿಗದೆ ಓಡಾಡ್ತಿದೀನಿ. ಇನ್ನು ಇಲ್ಲಿಗೆ ಯಾರು ಬರ್ತಾರೆ?"

"ಅಯ್ಯೋ, ಅವರ ಗತಿ?"

"ಮುಳುಗ್ತಾನೆ."

ಹೇಳಿದ ಮೇಲೆ ನಾಚಿಕೆಯಾಯಿತು. ಹೊಟ್ಟೆಪಾಡಿನ ಮುಂದೆ ಅದು ಎಷ್ಟು ಹೊತ್ತು ನಿಂತೀತು? ಇನ್ನೂ ಜೋರಾಗಿ ಬೀಸಿಕೊಂಡರು. ನಿಮಿಷದ ಮುಳ್ಳು ತೆವಳುತ್ತಿತ್ತು. ಕಿರುಚಿಬಿಡೋಣ ಅನ್ನಿಸಿದರೂ ಹಲ್ಲು ಕಚ್ಚಿ ಕಾದರು.

ಅಂತೂ ಐದಾಯಿತು. ಬದುಕಿದೆ ಎಂದುಕೊಂಡರು.

ಅವಳು ಎದ್ದು ಒಂದು ಗುಂಡಿ ಒತ್ತಿದಳು. ಲಿಫ್ಟು ತಕರಾರಿಲ್ಲದೆ ಇಳಿಯಿತು. ಬಾಗಿಲು ತೆರೆದರೆ ಎದುರಿಗೆ ಮಾಲೀಕರು, ಪಕ್ಕದಲ್ಲಿ ಕಂಟ್ರಾಕ್ಟರ್.

"ಗಡುವು ಮುಗೀತು ಸಾರ್," ಮ್ಯಾನೇಜರರು ಮಾಲೀಕರ ಮುಂದೆ ಎದೆಯುಬ್ಬಿಸಿ ನಿಂತರು. "ಪತ್ರ ಬರಲೇ ಇಲ್ಲ."

ಕಂಟ್ರಾಕ್ಟರ್ ಅವರತ್ತ ನೋಡಲಿಲ್ಲ. ಲಿಫ್ಟಿನ ಹೆಂಗಸಿನ ಕಡೆ ತಿರುಗಿ ಕೇಳಿದ.

"ಪತ್ರ ಎಷ್ಟು ಗಂಟೆಗೆ ಕೊಟ್ಟೆ, ಅಕ್ಕಾ?"

"ನಾಲ್ಕೂ ಇಪ್ಪತ್ತಕ್ಕೇ ಕಣೋ. ಆಗಿನಿಂದ ಅದರಲ್ಲೇ ಗಾಳಿ ಬೀಸ್ಕೋತಿದಾರೆ."