ಇಬ್ಬರೂ ಒಬ್ಬರೇ

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಶಂಕ್ರವ್ವ ಕೋಂ ಜಂಬಣ್ಣ ಎಂಬ ಹೆಂಗಸು ನೋಟರಿಯ ಮುಂದೆ ಖುದ್ದು ಹಾಜರಾಗಿ, ಸೂಪರ್‌ವೈಸರ್ ತನ್ನ ಮೈಮುಟ್ಟಿದನೆಂದು ತಾನು ಕೊಟ್ಟ ದೂರು ಸುಳ್ಳು, ಅದನ್ನು ವಾಪಸ್ ಪಡೆಯುತ್ತೇನೆ ಎಂದು ಪ್ರಮಾಣ ಮಾಡಿ ಹೆಬ್ಬೆಟ್ಟು ಒತ್ತಿದಳು. ಆ ಹೊತ್ತಿನಲ್ಲಿ ಶಂಕ್ರವ್ವ ಕೆಂಗೇರಿಯ ಗಾರ್ಮೆಂಟ್ಸ್‌ನಲ್ಲಿ, ಮೂರನೇ ಲೈನಿನ ತನ್ನ ಮೆಷಿನ್ನಿನ ಮುಂದೆ ಕೂತು ಶರ್ಟಿನ ಕಾಲರ್ ಹೊಲಿಯುತ್ತಿದ್ದಳು.

ವಿಷಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದೆಯೇ ಮುಗಿಯಬೇಕಿತ್ತು ಕೂಡ. ಆದರೆ ಕಂಪನಿಯ ದೂರು ಸಮಿತಿಯಲ್ಲಿ ಹೊರಗಿನಿಂದ ಬರುವ ಸದಸ್ಯೆಯೊಬ್ಬರಿದ್ದರು. ಅವರು ಆ ಕಾಗದ ನೋಡಿ, 'ದೂರು ಕೊಟ್ಟವರು ಶಂಕರಮ್ಮ ಜೆ., ವಾಪಸ್ ತಗೊಂಡಿರೋರು ಶಂಕ್ರವ್ವ. ಇವರು ಯಾರು?' ಎಂದು ಹಿಂದಕ್ಕೆ ಕಳಿಸಿದರು. ಗಜೇಂದ್ರಗಡದಿಂದ ಬಂದ ಹೊಸತರಲ್ಲಿ ಆಧಾರ್ ಬರೆದುಕೊಂಡವನು ಅವಳ ಹೆಸರಿನ ಅವ್ವನನ್ನು ತೆಗೆದು ಅಮ್ಮನನ್ನು ಹಾಕಿದ್ದ. ಲೈನಿನಲ್ಲಿ ಮಾತ್ರ ಎಲ್ಲರೂ ಕೂಗುವುದು ಶಂಕ್ರವ್ವ ಎಂದೇ. ಕಾಗದ ಟೈಪ್ ಮಾಡಿಸಿದವರು ಕೂಗುವ ಹೆಸರನ್ನೇ ಹಾಕಿಸಿಬಿಟ್ಟಿದ್ದರು.

ಹಾಗಾಗಿ ಶನಿವಾರ ಹನ್ನೊಂದು ಗಂಟೆಗೆ ಎಚ್‌ಆರ್ ಯಶ್ವಂತ್ ಅವಳನ್ನು ಮೆಷಿನ್ ಬಿಟ್ಟು ಏಳಿಸಿದ. ಬಾತ್‌ರೂಮಿಗೆ ಎದ್ದರೂ ನಿಮಿಷ ಎಣಿಸುವ ಕಂಪನಿ ಅವತ್ತು ಕಾರಿನಲ್ಲಿ ಕಳಿಸಿತು. 'ಇಎಸ್‌ಐ ಕಾರ್ಡಲ್ಲಿ ಹೆಸರು ಸರಿ ಮಾಡ್ಸೋಣ ಅಕ್ಕ, ಎರಡು ನಿಮಿಷದ ಕೆಲಸ' ಎಂದ ಯಶ್ವಂತ್. ಅತ್ತಿಗುಪ್ಪೆ ಮೆಟ್ರೋ ಹಿಂದಿನ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಪಕ್ಕದ ಕೋಣೆಯಲ್ಲಿ ನೋಟರಿ ಕೃಷ್ಣಪ್ಪ ಕೂತಿದ್ದರು.

ಕೃಷ್ಣಪ್ಪ ಆಧಾರ್ ಇಸಿದುಕೊಂಡು ಕನ್ನಡಕ ಏರಿಸಿ ಫೋಟೋ ನೋಡಿದರು. ಅವಳ ಮುಖ ನೋಡಿದರು. ಮತ್ತೆ ಫೋಟೋ ನೋಡಿದರು. 'ಸ್ವಲ್ಪ ಬೆಳಕಿಗೆ ತಿರುಗಿ ಅಮ್ಮ. ಹಾಂ, ನೀವೇ. ಈ ಫೋಟೋಲಿ ಎಲ್ಲರೂ ಜೈಲಿಂದ ಈಗ ತಾನೇ ಬಂದೋರ ಥರ ಇರ್ತಾರೆ.' ಯಶ್ವಂತ್ ನಕ್ಕ. ಕೃಷ್ಣಪ್ಪ ಓದತೊಡಗಿದರು: 'ಶಂಕ್ರವ್ವ ಮತ್ತು ಶಂಕರಮ್ಮ ಜೆ. ಎಂಬ ಇಬ್ಬರೂ ಒಬ್ಬರೇ ವ್ಯಕ್ತಿಯಾಗಿದ್ದು, ಈ ಎರಡೂ ಹೆಸರಿನಲ್ಲಿ ಈವರೆಗೆ ಮಾಡಿರುವ ಸಹಿ, ಹೆಬ್ಬೆಟ್ಟು ಎಲ್ಲವೂ ನನ್ನವೇ ಎಂದು...'

'ಹೆಬ್ಬೆಟ್ಟು ಯಾಕ್ರಿ? ನಾ ಏಳನೇತ್ತಾ ಪಾಸಾಗೇನಿ. ಸೈನ್ ಮಾಡತೇನಿ.'

'ಅದು ಮಾಮೂಲಿ ಒಕ್ಕಣೆ ಅಕ್ಕ' ಎಂದ ಯಶ್ವಂತ್. 'ಇಲ್ಲಿ ಹಾಕಿ, ಹೊರಡೋಣ.'

'ಇರ್ರಿ ಸಾರ್, ಹಳೇದರಲ್ಲಿ ಹೆಸರಿನ ಒತ್ತಕ್ಷರ ಹೆಂಗಿದೆ ನೋಡ್ಬಿಡ್ತೀನಿ. ಆಮೇಲೆ ಮತ್ತೆ ವಾಪಸ್ ಬಂದ್ರೆ ನನ್ನ ತಲೆ ಮೇಲೆ' ಎಂದು ಕೃಷ್ಣಪ್ಪ ರಿಜಿಸ್ಟರ್ ತೆಗೆದು ಹಾಳೆ ತಿರುವಿದರು. ಯಶ್ವಂತ್ ಬೇಡವೆಂದು ಕಣ್ಣಲ್ಲಿ ಹೇಳಿದ್ದು ಅವರಿಗೆ ಕಾಣಲಿಲ್ಲ. ಶಂಕ್ರವ್ವ ಬಗ್ಗಿ ನೋಡಿದಳು. ಮಾರ್ಚ್ ಹದಿನಾಲ್ಕು. ಶಂಕ್ರವ್ವ ಕೋಂ ಜಂಬಣ್ಣ. ವಿಷಯ: ದೂರು ವಾಪಸಾತಿ. ಒಂದು ಹೆಬ್ಬೆಟ್ಟು. ಗುರುತಿಸಿದವರು: ಯಶ್ವಂತ್.

'ಈಕಿ ಯಾರ್ರಿ?'

'ನೀವೇ ಅಲ್ವಾ?' ಎಂದ ಕೃಷ್ಣಪ್ಪ ಯಶ್ವಂತನ ಕಡೆ ನೋಡಿದರು.

'ನನ್ನ ಮುಖ ನೋಡಿ ಹೇಳ್ರಿ. ಈಗಷ್ಟೇ ಬೆಳಕಿಗೆ ತಿರುಗಿಸಿ ನೋಡಿದ್ರಲ್ಲ. ಅವತ್ತ ಆಕಿನ್ನೂ ಹಂಗ ನೋಡಿದ್ರೇನು?'

ಕೃಷ್ಣಪ್ಪ ಸೀಲಿನ ಇಂಕ್ ಪ್ಯಾಡ್ ಮುಚ್ಚಿದರು. 'ದಿನಕ್ಕೆ ನಲವತ್ತು ಜನ ಬರ್ತಾರಮ್ಮ. ಗೊತ್ತಿರೋರು ಇಂಥವರೇ ಅಂತ ಗುರುತಿಸಿ ಸೈನ್ ಹಾಕಿದ್ರೆ ನಾವು ನಂಬ್ತೀವಿ. ಕೆಲಸ ನಡೆಯೋದೇ ಹಂಗೆ.'

ಯಶ್ವಂತ್ ಕುರ್ಚಿ ಹತ್ತಿರ ಎಳೆದುಕೊಂಡ. 'ಅಕ್ಕ, ಆಗಿದ್ದು ಆಯ್ತು. ಇದಕ್ಕೊಂದು ಸೈನ್ ಹಾಕಿ. ನಿಮ್ಮನ್ನ ಬೇರೆ ಲೈನ್‌ಗೆ ಹಾಕಿಸ್ತೀನಿ, ಆ ಸೂಪರ್‌ವೈಸರ್ ಮುಖಾನೇ ನೋಡಂಗಿಲ್ಲ. ಹಾಕಲ್ಲ ಅಂದ್ರೆ ಸೋಮವಾರ ಗೇಟಲ್ಲಿ ನಿಮ್ಮ ಕಾರ್ಡ್ ಓಡಲ್ಲ. ನಾನಾಗಿ ಹೇಳ್ತಿಲ್ಲ, ಮೇಲಿಂದ ಬಂದಿರೋದು.'

'ಸೋಮವಾರ ಸಮಿತಿ ಕೂಡತೈತಿ ಅಲ್ಲೇನು?'

ಕೃಷ್ಣಪ್ಪ ಪೆನ್ನನ್ನು ಅವಳ ಕಡೆಗೆ ಸರಿಸಿದರು. 'ಹಾಕ್ಬಿಡಿ ಅಮ್ಮ. ಹೊಟ್ಟೆಪಾಡು ದೊಡ್ಡದು. ಎರಡು ಹೆಸರು ನಿಮ್ಮವೇ ತಾನೇ? ಸುಳ್ಳೇನೂ ಹೇಳ್ದಂಗೆ ಆಗಲ್ಲ.'

ಶಂಕ್ರವ್ವ ಪೆನ್ನು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಆಧಾರ್ ಎತ್ತಿಕೊಂಡು ಎದ್ದಳು.

'ಆ ಹೆಬ್ಬೆಟ್ಟಿನಾಕಿನ್ನ ಕರಕೊಂಡು ಬರ್ರಿ' ಎಂದಳು. 'ಆಕಿ ಮೈಮ್ಯಾಲ ಯಾರೂ ಕೈ ಹಾಕಿರಲಿಕ್ಕಿಲ್ಲ, ಆಕಿ ದೂರು ಆಕಿ ವಾಪಸ್ ತಗೊಳ್ಳಲಿ. ನನ್ನ ಮೈಮ್ಯಾಲ ಹಾಕ್ಯಾರ. ನಾ ತಗೊಳ್ಳೂದಿಲ್ಲ.'