ಒಂದನೇ ಚಾನೆಲ್

ಗಾಳಿ ದನಿಯನ್ನು ಹೊರುವುದನ್ನೇ ಬಿಟ್ಟ ಮೇಲೆ ಗದಗಿನವರೆಲ್ಲ ಕೊರಳಿಗೆ ಕಟ್ಟಿದ ರೇಡಿಯೊದಲ್ಲೇ ಮಾತಾಡುತ್ತಿದ್ದರು. ಒಂದನೇ ಚಾನೆಲ್ ಮಾತ್ರ ಅಗ್ನಿಶಾಮಕದವರದು, ಎರಡನೆಯದು ಊರವರ ಮಾತಿಗೆ. ಅಂದು ಹತ್ತಿ ಗೋದಾಮು ಕುಸಿದು ಸಾವಂತ್ರಿಯ ಮಗಳು ಒಳಗೆ ಸಿಕ್ಕಿಕೊಂಡಾಗ, ಇಡೀ ಓಣಿ ಅದೇ ಚಾನೆಲ್ಲಿಗೆ ನುಗ್ಗಿ "ಎಡಕ್ಕ ಅಗೀರಿ", "ಬಲಕ್ಕ ಅಗೀರಿ" ಎಂದು ಕೂಗತೊಡಗಿತು.

"ಶಾಣ್ಯಾರೆಲ್ಲಾ ಎರಡಕ್ಕ ಹೋಗ್ರಿ!" ಅಗ್ನಿಶಾಮಕದ ನೀಲಗಂಗವ್ವ ಗದರಿದಳು. ಓಣಿ ಎರಡನೇ ಚಾನೆಲ್ಲಿಗೆ ಸರಿಯಿತು. ಸಾವಂತ್ರಿ ಮಾತ್ರ ಒಂದರಲ್ಲೇ ಮಗಳ ಹೆಸರು ಕೂಗುತ್ತಲೇ ಇದ್ದಳು.

"ತಂಗೀ, ನೀ ಕೂಗಿದರ ಆಕೀ ದನಿ ನಮಗ ಕೇಳೂದಿಲ್ಲ. ಒಂದೀಟು ತಡಕೋ."

ಸಾವಂತ್ರಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಗ ಒಂದನೇ ಚಾನೆಲ್ಲಿನಲ್ಲಿ ಸಣ್ಣ ದನಿ ಕೇಳಿಸಿತು: "ಅವ್ವಾ, ಕಿಡಕಿ ಕೆಳಗ ಅದೀನಿ."

ಸಿಬ್ಬಂದಿ ಅಲ್ಲಿಯೇ ಅಗೆದು ಹುಡುಗಿಯನ್ನು ಎತ್ತಿಕೊಂಡು ಬಂದರು. ನೀಲಗಂಗವ್ವ ಸಾವಂತ್ರಿಯ ಬೆನ್ನು ಸವರಿದಳು.

"ಈಗ ಅಳು ತಂಗೀ, ಬೇಕಾದಷ್ಟು ಅಳು. ಆದರ ಎರಡನೇ ಚಾನೆಲ್‌ನಾಗ."