ಗಾಜಿನೊಳಗಿನ ಗೀರು

ಭಾನುವಾರ ತಡವಾಗಿ ಎದ್ದ ನಜೀಮಾ ಅಂಗಡಿಗೆ ಬಂದಾಗ, ಅಬ್ಬ ಅವಳು ಲ್ಯಾಬಿನಿಂದ ತಂದಿದ್ದ ಗಾಜಿನ ಬಿಲ್ಲೆಯನ್ನು ಸಾಣೆಯ ಚಕ್ರಕ್ಕೆ ಹಿಡಿದು ಕೂತಿದ್ದರು.

ಅವಳ ಅಬ್ಬ ಇನಾಯತ್ ಉಲ್ಲಾ ಗುಂಡ್ಲುಪೇಟೆಯಲ್ಲಿ ಮೂವತ್ತು ವರ್ಷದಿಂದ ಕನ್ನಡಕದ ಗಾಜು ಉಜ್ಜುವವರು. ಪ್ಲಾಸ್ಟಿಕ್ ಗಾಜು ಬಂದ ಮೇಲೆ ಚಕ್ರಕ್ಕೆ ಕೆಲಸವೇ ಕಮ್ಮಿ, ಆದರೂ ಗೀರು ಬಿದ್ದ ಗಾಜು ಕಂಡರೆ ಅವರ ಕೈ ಸುಮ್ಮನಿರದು. ಅದು ಗೊತ್ತಿದ್ದೂ ಬಿಲ್ಲೆಯನ್ನು ಮೇಜಿನ ಮೇಲೆ ಬಿಟ್ಟು ಮಲಗಿದ್ದು ಅವಳದೇ ಪೆದ್ದುತನ.

ನಿನ್ನೆ ಬಸ್ಸಿಳಿದು ಬಂದವಳೇ ತಾನು ಸಂಶೋಧನೆ ಮಾಡುವ ಲ್ಯಾಬಿನ ಕತೆಯೆಲ್ಲ ಹೇಳಿದ್ದಳು. ರೆಪ್ಪೆ ಬಡಿಯುವ ಹೊತ್ತನ್ನು ಲಕ್ಷ ಕೋಟಿ ಚೂರು ಮಾಡಿದರೆ, ಅದರಲ್ಲೊಂದು ಚೂರಿನಷ್ಟೇ ತನ್ನ ಲೇಸರ್ ಮಿಂಚಿನ ಆಯಸ್ಸು. ಈ ಗಾಜಿನೊಳಗೆ ಹೋಗುವಾಗ ಅದು ಬರೀ ಕೆಂಪು. ಹೊರಬರುವಾಗ ಬೆಳ್ಳಗೆ, ಸುತ್ತಲೂ ಹಳದಿ, ಹಸಿರು, ನೀಲಿ ಬಳೆಗಳು. ಒಂದು ಬಣ್ಣ ಹೋಗಿ ಎಲ್ಲ ಬಣ್ಣವೂ ಆಗುತ್ತದೆ. ಅಬ್ಬ ಕಣ್ಣು ಮುಚ್ಚಿ ಕೇಳಿದ್ದರು, ಆ ಬಳೆಗಳು ರೆಪ್ಪೆಯೊಳಗೆ ತೇಲುತ್ತಿವೆಯೇನೋ ಎಂಬ ಹಾಗೆ. ಆ ಗುಂಗಿನಿಂದ ಅವರನ್ನು ಎಬ್ಬಿಸಲು ಮನಸ್ಸಾಗದೆ, ಬೆಳಕು ಬಿಳಿಯಾದ ಜಾಗದಲ್ಲಿ ಕೂದಲೆಳೆಯಂಥ ಗೆರೆ ಉಳಿದಿದೆ, ಎರಡು ವರ್ಷದ ದುಡಿಮೆಗೆ ಅದೊಂದೇ ಸಾಕ್ಷಿ, ಸೋಮವಾರ ಗೈಡಿಗೆ ತೋರಿಸಬೇಕು ಎಂಬುದನ್ನು ಹೇಳದೇ ಬಿಟ್ಟಿದ್ದಳು.

ಈಗ ಆ ಗೆರೆಯೂ ಚಕ್ರಕ್ಕೆ ಸವೆದು ಹೋಗಿರಬೇಕು. ಹೋಗಿ ಅವರ ತೋಳು ಹಿಡಿದಳು.

ಅಬ್ಬ ಚಕ್ರ ನಿಲ್ಲಿಸಿದರು. ಮನೆಯಲ್ಲಿ ಉರ್ದು ಆಡಿದರೂ ಅಂಗಡಿಯಲ್ಲಿ ಕೂತರೆ ಮಗಳ ಹತ್ತಿರವೂ ಗಿರಾಕಿಗಳ ಕನ್ನಡವೇ.

"ಗೀರಿದ್ರೆ ನಿನ್ ಬೆಳಕ್ಗೆ ಅಡ್ಡ ಆಯ್ತದೆ ಅಂತ ಉಜ್ಬುಟ್ಟೆ ಕಣಮ್ಮ," ಎಂದು ತಪ್ಪಿತಸ್ಥರಂತೆ ತಲೆ ತಗ್ಗಿಸಿದರು. "ಮೇಲಿಂದೆಲ್ಲ ಓಯ್ತು. ಒಳಗೊಂದು ಗೆರೆ ಅದೆ, ಏನ್ ಮಾಡುದ್ರೂ ಓಗ್ನಿಲ್ಲ. ನನ್ ಕೈಲಿ ಆಗ್ನಿಲ್ಲ, ಬೇಜಾರ್ ಮಾಡ್ಕಬ್ಯಾಡ."

ನಜೀಮಾ ಬಿಲ್ಲೆ ಕಸಿದುಕೊಂಡು ಬಾಗಿಲಿಗೆ ಓಡಿದಳು. ಬಿಸಿಲಿಗೆ ಓರೆಯಾಗಿ ಹಿಡಿದಾಗ, ಮೇಲೆ ತಿಳಿನೀರಿನಂತಾಗಿದ್ದ ಗಾಜಿನ ನಡುವೆ ಆ ಎಳೆ ಹಾಗೇ ಇತ್ತು. ಅಷ್ಟು ಚೆನ್ನಾಗಿ ಅವಳು ಲ್ಯಾಬಿನಲ್ಲೂ ಅದನ್ನು ಕಂಡಿರಲಿಲ್ಲ. ನಗು ಬಂತು, ಅಳುವೂ ಬಂತು.

ಅಬ್ಬ ಹಿಂದೆ ಬಂದು ನಿಂತರು. ಅವರಿಗಿನ್ನೂ ಸೋಲಿನ ಚಿಂತೆ.

"ಮೇಲ್ಗಡೆ ಮುಟ್ದೆ ಒಳಗಡೆ ಎಂಗಮ್ಮ ಗೀರುದ್ರಿ? ಯಾವ್ದ್ರಲ್ಲಿ?"

"ಬೆಳಕಲ್ಲಿ, ಅಬ್ಬಾ."

ಇನಾಯತ್ ಉಲ್ಲಾ ಪುಡಿ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಬಣ್ಣದ ಬಳೆಗಳು ಈಗ ಬೀಳುತ್ತವೇನೋ ಎಂಬಂತೆ ಆ ಗೆರೆಯ ಕೆಳಗೆ ಅಂಗೈ ಒಡ್ಡಿ ನಿಂತರು.